ಎಲೆಕ್ಟ್ರಿಕಲ್ ಮೇಷ್ಟ್ರಿಗೆ ಶಬ್ದದ ಗೊಡವೆ ಯಾಕೆ?

ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ರಿಚರ್ಡ್ ವೈಟ್ ಅವರ ಹೆಸರು ಬಂದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ: "ಸರ್, ಎಲೆಕ್ಟ್ರಿಕಲ್ ಮೇಷ್ಟ್ರು ಜೀವನವಿಡೀ ಶಬ್ದದ ಹಿಂದೆ ಯಾಕೆ ಬಿದ್ದರು? ರೇಡಿಯೊ ಅಲೆ ಅಷ್ಟು ವೇಗವಾಗಿ ಓಡುವಾಗ ನಿಧಾನದ ಶಬ್ದ ಯಾರಿಗೆ ಬೇಕು?"

ಆ ನಿಧಾನವೇ ಬೇಕಾಗಿತ್ತು. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಕ್ವಾರ್ಟ್ಜ್ ಹರಳಿನ ಮೈಮೇಲೆ ಶಬ್ದದ ಅಲೆ ಓಡುವುದು ಸುಮಾರು 3 ಕಿಲೋಮೀಟರ್ ಅಷ್ಟೇ. ಅಂದರೆ ಸೆಕೆಂಡಿಗೆ ನೂರು ಕೋಟಿ ಬಾರಿ ಕಂಪಿಸುವ 1 ಗಿಗಾಹರ್ಟ್ಜ್ ಆವರ್ತನದಲ್ಲಿ ರೇಡಿಯೊ ಅಲೆಯ ಉದ್ದ 30 ಸೆಂಟಿಮೀಟರ್, ಹರಳಿನ ಮೇಲಿನ ಅಲೆಯದು ಸುಮಾರು 3 ಮೈಕ್ರೋಮೀಟರ್. ಮೊಳದುದ್ದ ಜಾಗ ಬೇಡುವ ಫಿಲ್ಟರ್ (ಬೇಕಾದ ಆವರ್ತನವನ್ನಷ್ಟೇ ದಾಟಿಸುವ ಸಾಧನ) ಪುಟ್ಟ ಚಿಪ್‌ನಲ್ಲಿ ಕೂರುವುದು ಈ ಲೆಕ್ಕದಿಂದಲೇ.

ಮೈಮೇಲೆ ಓಡುವ ಇಂಥ ಅಲೆ ಇದೆಯೆಂದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ 1885ರಲ್ಲೇ ಗಣಿತದಿಂದ ತೋರಿಸಿದ್ದರು. ಭೂಕಂಪದ ಅಧ್ಯಯನದವರು ಅದನ್ನು ಚೆನ್ನಾಗಿ ಬಲ್ಲರು. ಚಿಪ್‌ನ ಮೇಲೆ ಅದನ್ನು ಸಲೀಸಾಗಿ ಎಬ್ಬಿಸುವ ದಾರಿ ಮಾತ್ರ ಬೇಕಿತ್ತು. ವೈಟ್ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿ, ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡಿ, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬಂದರು. 1965ರಲ್ಲಿ ಅವರೂ ಅವರ ವಿದ್ಯಾರ್ಥಿ ವೋಲ್ಟ್‌ಮರ್ ಅವರೂ ಆ ದಾರಿಯನ್ನು ಪ್ರಕಟಿಸಿದರು. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿಟ್ಟಂತೆ, ಹರಳಿನ ಮೇಲೆ ಲೋಹದ ಗೆರೆಗಳು. ವೋಲ್ಟೇಜ್ ಏರಿಳಿದರೆ ಹರಳು ಹಿಗ್ಗಿ ಕುಗ್ಗುತ್ತದೆ, ಅಲೆ ಹೊರಡುತ್ತದೆ. ಆಚೆ ತುದಿಯಲ್ಲಿ ಇಂಥದ್ದೇ ಗೆರೆಗಳು ಅದನ್ನು ಮತ್ತೆ ವೋಲ್ಟೇಜ್ ಮಾಡುತ್ತವೆ. ಯಾವ ಆವರ್ತನ ದಾಟಬೇಕು ಎಂಬುದನ್ನು ಗೆರೆಗಳ ನಡುವಿನ ಅಂತರ ತೀರ್ಮಾನಿಸುತ್ತದೆ. ಐಸಿ (ಎಲೆಕ್ಟ್ರಾನಿಕ್ ಚಿಪ್) ತಯಾರಿಸಲು ಬೆಳಕಿನಿಂದ ಸಣ್ಣ ಗೆರೆ ಮೂಡಿಸುವ ಫೋಟೋಲಿಥೋಗ್ರಫಿಯಲ್ಲೇ ಇದನ್ನೂ ಬರೆಯಬಹುದು. ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಹೊಸ ಯಂತ್ರವೇ ಬೇಕಿರಲಿಲ್ಲ!

ರೇಡಾರ್, ಟಿವಿ, ಆಮೇಲೆ ಮೊಬೈಲ್ — ಎಲ್ಲೆಡೆ ಈ ಫಿಲ್ಟರ್ ಹೋಯಿತು. ನಿಮ್ಮ ಫೋನಿಗೆ ಬರುವ ಸಿಗ್ನಲ್ ಕೂಡ ಒಳಗೆ ಒಂದು ಗಳಿಗೆ ಕಿವಿಗೆ ಕೇಳದ ಶಬ್ದವಾಗಿ, ಮತ್ತೆ ಕರೆಂಟ್ ಆಗುತ್ತದೆ. ಎಂಥ ಸೊಗಸು ಅಲ್ವಾ?

ವೈಟ್ ಇಲ್ಲಿಗೇ ನಿಲ್ಲಲಿಲ್ಲ. ಹರಳಿನ ಮೇಲೆ ಏನಾದರೂ ಕೂತರೆ ಅಲೆಯ ವೇಗ ಬದಲಾಗುತ್ತದೆ. ಫಿಲ್ಟರಿಗೆ ಇದು ತಲೆನೋವು, ಅಳೆಯುವವರಿಗೆ ವರ. 1986ರಲ್ಲಿ ಅವರು ಸಹೋದ್ಯೋಗಿ ರಿಚರ್ಡ್ ಮುಲ್ಲರ್ ಜೊತೆ ಬರ್ಕ್ಲಿಯಲ್ಲಿ ಇಂಥ ಅಳೆಯುವ ಸಾಧನಗಳಿಗೆ, ಅಂದರೆ ಸೆನ್ಸರ್‌ಗಳಿಗೆಂದೇ ಒಂದು ಕೇಂದ್ರ ಕಟ್ಟಿದರು. ತೆಳು ಪೊರೆಯಲ್ಲಿ ಅಲೆಯನ್ನು ಇನ್ನೂ ನಿಧಾನ ಮಾಡಿದರು. ನೀರಿನಲ್ಲಿ ಶಬ್ದ ಹೋಗುವುದಕ್ಕಿಂತ ನಿಧಾನವಾದರೆ ಅಲೆಯ ಶಕ್ತಿ ದ್ರವಕ್ಕೆ ಸೋರಿಹೋಗುವುದಿಲ್ಲ. ಹಾಗಾಗಿ ದ್ರವದಲ್ಲೂ ಅಳತೆ ಸಾಧ್ಯವಾಯಿತು. ಮುಂದೆ ಅವರ ತಂಡ ಗಾಳಿಯಲ್ಲಿರುವ ಸಣ್ಣ ಧೂಳನ್ನೂ ಹೀಗೇ ತೂಗಿತು. ಕಣಗಳು ಕಂಪಿಸುವ ತೆಳು ಪದರದ ಮೇಲೆ ಕೂತಷ್ಟೂ ಅದರ ಆವರ್ತನ ಇಳಿಯುತ್ತದೆ, ಆ ಇಳಿತವೇ ಕಣಗಳ ತೂಕ ಹೇಳುತ್ತದೆ.