ವಿಸರಣ ಜೋಡಿಗೆ ಎಷ್ಟು ಪರಿಹಾರ: ತೀರ್ಥಹಳ್ಳಿಯಿಂದ ಪ್ರಗತಿ ಟಿಪ್ಪಣಿ

ನಾನು ನೋಡುತ್ತಿರುವುದು ಯು, ವಿ ಎಂಬ ಎರಡು ಅಜ್ಞಾತ ಫಲನಗಳನ್ನು ಹೆಣೆದ ವಿಸರಣ (ಡಿಫ್ಯೂಷನ್) ಸಮೀಕರಣಗಳ ಜೋಡಿ. ಇದಕ್ಕೆ ನಿಜವಾಗಿ ಬೇರೆಬೇರೆಯಾದ ಪರಿಹಾರಗಳು ಎಷ್ಟು ಎಂಬುದು ಪ್ರಶ್ನೆ. ಈ ಜೋಡಿಯಲ್ಲಿ ಯು ಕಾಲದಲ್ಲಿ ಮುಂದಕ್ಕೆ ವಿಸರಿಸುತ್ತದೆ, ಅಂದರೆ ಬಿಸಿಯಂತೆ ಹರಡುತ್ತದೆ; ವಿ ಹಿಂದಕ್ಕೆ. ಹಾಗಾಗಿ ಕಾಲದ ಒಂದು ತುದಿಯಿಂದ ಹೊರಟು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವಂತಿಲ್ಲ. ಇಡೀ ಜೋಡಿಗೆ ಒಂದು ಫಂಕ್ಷನಲ್ (ಯು, ವಿಗಳ ಪೂರ್ಣ ಆಕಾರಕ್ಕೆ ಒಂದು ಸಂಖ್ಯೆ ಕೊಡುವ ಸೂತ್ರ) ಬರೆದು, ಅದರ ಇಳಿಜಾರು ಸೊನ್ನೆಯಾಗುವ ಬಿಂದುಗಳನ್ನು ಹುಡುಕಬೇಕು.

ಸದ್ಯಕ್ಕೆ ಯು, ವಿ ಒಂದಕ್ಕೊಂದು ಸಮವಾಗಿರುವ, ಕಾಲದೊಂದಿಗೆ ಬದಲಾಗದ ಪರಿಹಾರಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ಆಗ ಒಂದೇ ಸಮೀಕರಣ ಉಳಿಯುತ್ತದೆ. ಅದರ ಎಡಬದಿ −ಯು″ + ವಿಭವ × ಯು; ವಿಭವ (ಪೊಟೆನ್ಶಿಯಲ್) ಎಂದರೆ ಜಾಗದಿಂದ ಜಾಗಕ್ಕೆ ಬದಲಾಗಬಹುದಾದ, ನಾವೇ ಆರಿಸುವ ಗುಣಕ. ನಾನು ಆರಿಸಿದ ಜೋಡಣೆಯಲ್ಲಿ ಬಲಬದಿ 2ಯು³. ಇದಕ್ಕೆ 1973ರಲ್ಲಿ ಆಂಬ್ರೊಸೆಟ್ಟಿ ಮತ್ತು ರಾಬಿನೊವಿಟ್ಜ್ ಕೊಟ್ಟ ಮೌಂಟನ್ ಪಾಸ್ ಪ್ರಮೇಯ ಸಾಕು. ಮಲೆನಾಡಿನವರಿಗೆ ಅದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ: ಆಚೆ ಕಣಿವೆಗೆ ಹೋಗುವವರು ಶಿಖರ ಹತ್ತುವುದಿಲ್ಲ, ಎರಡು ಗುಡ್ಡಗಳ ನಡುವಿನ ತಗ್ಗು ನೋಡಿ ದಾಟುತ್ತಾರೆ. ಹಾಗೆ ದಾಟುವ ಹಾದಿಯ ಅತಿ ಎತ್ತರದ ಬಿಂದುವೇ ಪರಿಹಾರ.

ವಿಭವ ಎಲ್ಲೆಡೆ 1 ಇದ್ದರೆ ಉತ್ತರ ಕೈಯಲ್ಲೇ ಸಿಗುತ್ತದೆ: ಹೈಪರ್ಬೋಲಿಕ್ ಸೀಕೆಂಟ್ ಎಂಬ ಒಂಟಿ ದಿಬ್ಬ, ನೆತ್ತಿ 1, ಶಕ್ತಿ (ಅಲ್ಲಿ ಫಂಕ್ಷನಲ್‌ನ ಬೆಲೆ) ನಿಖರವಾಗಿ 2/3. ನನ್ನ ಪೈಥಾನ್ ಪ್ರೋಗ್ರಾಂ 0.6667 ಎಂದಾಗ ಮುಂದುವರಿಯಲು ಧೈರ್ಯ ಬಂತು. ಆದರೆ ಇಲ್ಲಿ ಎಣಿಕೆಗೆ ಅರ್ಥವಿಲ್ಲ. ಆ ದಿಬ್ಬವನ್ನು ಎಷ್ಟು ಸರಿಸಿದರೂ ಅದೂ ಪರಿಹಾರವೇ.

ಆದ್ದರಿಂದ ವಿಭವಕ್ಕೆ 0.1 ಕೊಸೈನ್ ಸೇರಿಸಿದೆ. ಈಗ 2π ಅಥವಾ ಅದರ ಪಟ್ಟು ಸರಿಸಿದರೆ ಮಾತ್ರ ಪರಿಹಾರ ಉಳಿಯುತ್ತದೆ. ಪ್ರೋಗ್ರಾಂ ತಾನಾಗಿ ಹುಡುಕಿದ ದಿಬ್ಬ ವಿಭವದ ಕುಳಿಯಲ್ಲಿ ಕೂರುತ್ತದೆ. ಇನ್ನೊಂದು ದಿಬ್ಬ ವಿಭವದ ನೆತ್ತಿಯ ಮೇಲೆ ಕೂರುವಂಥದು. ಎಡಬಲ ಒಂದೇ ರೂಪದ ಆಕಾರಗಳಿಗೆ ಹುಡುಕಾಟವನ್ನು ಕಟ್ಟಿಹಾಕಿದರೆ ಅದು ಸಿಗುತ್ತದೆ. ನಿವೃತ್ತ ಗಣಿತ ಉಪನ್ಯಾಸಕರೊಬ್ಬರಿಗೆ ಚಿತ್ರ ಕಳುಹಿಸಿದ್ದೆ. “ಸರಿಸಿದ್ದೋ, ಬೇರೆಯದೋ ಮೊದಲು ಹೇಳಿ” ಎಂದರು. ಆ ಪ್ರಶ್ನೆಯೇ ಇಡೀ ವಿಷಯದ ಜೀವಾಳ. ಆವರ್ತದಷ್ಟು ಸರಿಸಿದರೆ ಶಕ್ತಿ ಬದಲಾಗುವುದಿಲ್ಲ. ಇಲ್ಲಿ ಒಂದರ ಶಕ್ತಿ 2/3ಕ್ಕಿಂತ ಕೆಳಗೆ, ಇನ್ನೊಂದರದು ಮೇಲೆ, ಮೊದಲ ಅಂದಾಜಿಗೆ 0.068ರಷ್ಟು. ಅಂದ ಮೇಲೆ ಇವು ಬೇರೆಯವೇ. ಚಿಹ್ನೆ ಬದಲಿಸಿದ ರೂಪಗಳನ್ನು ನಾನು ಹೊಸದೆಂದು ಎಣಿಸುತ್ತಿಲ್ಲ.

ಮುಂದಿನದು ಪೂರ್ಣ ಜೋಡಿ. ಅಲ್ಲಿ ಫಂಕ್ಷನಲ್‌ನ ವರ್ಗಭಾಗ ಯು = ವಿ ಇರುವಲ್ಲಿ ಧನ, ವಿ = −ಯು ಇರುವಲ್ಲಿ ಋಣ; ಎರಡೂ ಕಡೆ ಅನಂತ ದಿಕ್ಕುಗಳು. ಘಾಟಿಯ ಉಪಾಯ ಒಂದೇ ಸಾಲದು. 1998ರಲ್ಲಿ ಕ್ರಿಶೆವ್ಸ್ಕಿ ಮತ್ತು ಶುಲ್ಕಿನ್ ರೂಪಿಸಿದ ಲಿಂಕಿಂಗ್ ಬೇಕು: ಎರಡೂ ಕಡೆ ಅನಂತ ದಿಕ್ಕುಗಳಿದ್ದಾಗಲೂ ಇಳಿಜಾರು ಸೊನ್ನೆಯಾಗುವ ಬಿಂದು ಹಿಡಿಯುವ ವಿಧಾನ. ಋಣ ದಿಕ್ಕುಗಳಲ್ಲಿ ಮೊದಲು ಗರಿಷ್ಠಕ್ಕೆ ಏರಿ, ಆಮೇಲೆ ಉಳಿದವುಗಳಲ್ಲಿ ಇಳಿಯುವ ಕೋಡ್ ಅರ್ಧ ಬರೆದಾಗಿದೆ.