ಕೂತವರನ್ನೂ ಆಡಿಸಿದ ಮೇಷ್ಟ್ರು

ಖೋ-ಖೋ ನೋಡುವವರ ಕಣ್ಣು ಓಡುವವರ ಹಿಂದೆಯೇ ಓಡುತ್ತದೆ. ಆದರೆ ಅಂಕಣದಲ್ಲಿ ಯಾವ ಹೊತ್ತಿಗೂ ಓಡುವವರಿಗಿಂತ ಕೂತವರೇ ಹೆಚ್ಚು. ಬೆನ್ನಟ್ಟುವ ತಂಡದ 9 ಮಂದಿಯಲ್ಲಿ 8 ಮಂದಿ ಚೌಕಗಳಲ್ಲಿ ಕೂತಿರುತ್ತಾರೆ, ಒಬ್ಬರು ಮಾತ್ರ ಓಡುತ್ತಾರೆ. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಹುಡುಗಿಯರ ತಂಡ ಕಟ್ಟಲು ಹೊರಟಾಗ ಮೊದಲು ಗಮನ ಕೊಟ್ಟದ್ದು ಈ ಎಂಟು ಜನಕ್ಕೆ. ಎಂಟನೇ ಕ್ಲಾಸಿಗೆ ಆಗಷ್ಟೇ ಸೇರಿದ್ದ ನಮಗೆ ಓಡುವ ಆಸೆ. ಅವರು ವಾರಗಟ್ಟಲೆ ಕೂರುವುದನ್ನೇ ಕಲಿಸಿದರು.

ಅದು ಸುಮ್ಮನೆ ಕೂರುವುದಲ್ಲ. ಕಾಲ್ಬೆರಳು ನೆಲಕ್ಕೆ ಒತ್ತಿ, ಕೈ ಊರಿ, ಖೋ ಬಿದ್ದ ಕ್ಷಣವೇ ಚಿಮ್ಮುವ ಹಾಗೆ ಮೈಯನ್ನು ಬಿಗಿಯಾಗಿಟ್ಟುಕೊಂಡು ಕೂರಬೇಕು. ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖ ಮಾಡಿರುವುದರಿಂದ ಪ್ರತಿಯೊಬ್ಬಳ ಎದುರಿಗೂ ಅರ್ಧ ಅಂಕಣವಷ್ಟೇ ಇರುತ್ತದೆ. ಉಳಿದರ್ಧದಲ್ಲಿ ಏನಾಗುತ್ತಿದೆ ಎಂಬುದನ್ನು ಕಾಲಿನ ಸದ್ದಿನಿಂದ, ಗೆಳತಿಯ ಕೂಗಿನಿಂದ ಹಿಡಿಯಬೇಕು. ಬೆನ್ನು ಮುಟ್ಟಿ ‘ಖೋ’ ಎನ್ನುವ ಮುಂಚೆ ಎದ್ದರೆ ಫೌಲ್. ಎಂದ ಮೇಲೆ ಅರೆಕ್ಷಣ ತಡವಾದರೂ ಓಟಗಾರ್ತಿ ಆಚೆ ಬದಿ ಸೇರಿರುತ್ತಾಳೆ. ಮೇಷ್ಟ್ರು ನಮ್ಮ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರು. ಯಾರೋ ಒಬ್ಬಳು ಹಿಂದಿನಿಂದ ಓಡಿಬರುತ್ತಾಳೆ, ಎಷ್ಟು ದೂರದಲ್ಲಿದ್ದಾಳೆ ಎಂದು ಕೂತವಳು ಹೇಳಬೇಕು. “ಕೂತವಳು ಆಟದಿಂದಾಚೆ ಇದ್ದೀನಿ ಅಂತ ತಿಳ್ಕೋಬಾರ್ದು ಕಣ್ರವ್ವಾ, ಮುಂದಿನ ಓಟ ಅವಳದ್ದೇ” ಎನ್ನುತ್ತಿದ್ದರು. ತಂಡ ಎಂದರೇನು ಎಂದು ಅವರು ನಮಗೆ ಭಾಷಣ ಮಾಡಲಿಲ್ಲ. ಬೆನ್ನಿನ ಮೇಲೆ ಬೀಳಲಿರುವ ಕೈಯನ್ನು ನಂಬಿ ಕಾಯುವುದನ್ನು ಅಭ್ಯಾಸ ಮಾಡಿಸಿದರು.

ಮನಸ್ಸು ಗಟ್ಟಿಯಾಗಬೇಕು ಎಂದು ಎಲ್ಲ ತರಬೇತುದಾರರೂ ಹೇಳುತ್ತಾರೆ. ಅದಕ್ಕೆ ಏನು ಮಾಡಬೇಕೆಂದು ಹೇಳಿಕೊಡುವವರು ಕಡಿಮೆ. ಖೋ-ಖೋದಲ್ಲಿ ರಕ್ಷಣೆಗೆ ಮೂರು ಮೂರು ಜನರ ಬ್ಯಾಚು ಒಳಗೆ ಬರುತ್ತದೆ. ಇಬ್ಬರು ಔಟಾಗಿ ಒಬ್ಬಳೇ ಉಳಿದಾಗ ಎದುರು ತಂಡದ ಒಂಬತ್ತೂ ಜನ ಅವಳೊಬ್ಬಳ ಮೇಲೆ ಎರಗುತ್ತಾರೆ. ಬಾಯಿ ಒಣಗುತ್ತದೆ, ಕಾಲು ಸೋಲುತ್ತದೆ. ಅಂಥ ಹೊತ್ತಿಗೆಂದು ಮೇಷ್ಟ್ರು ಕೊಟ್ಟ ಮಾತು ಒಂದೇ: “ಮುಖ ನೋಡಿದ್ರೆ ಹೆದರ್ತೀಯ, ಭುಜ ನೋಡು.” ಬೆನ್ನಟ್ಟುವವಳ ಭುಜ ಒಂದು ದಿಕ್ಕಿಗೆ ತಿರುಗಿತೆಂದರೆ ಅವಳು ಆ ದಿಕ್ಕಿಗೇ ಹೋಗಬೇಕು, ನಡುವೆ ಹಿಂದಕ್ಕೆ ಹೊರಳುವಂತಿಲ್ಲ, ಕೂತವರ ಸಾಲನ್ನು ದಾಟುವಂತೆಯೂ ಇಲ್ಲ. ಹಾಗಾಗಿ ಭುಜ ನೋಡಿದವಳಿಗೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ. ಹೆದರಬೇಡ ಎಂದು ನೂರು ಸಲ ಹೇಳಿದ್ದರೂ ನಮ್ಮ ಹೆದರಿಕೆ ಹೋಗುತ್ತಿರಲಿಲ್ಲ. ನೋಡಲು ಒಂದು ಜಾಗ ತೋರಿಸಿದ್ದರಿಂದ ಹೆದರಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಈ ಒಂದು ಸೂಚನೆಯ ಬೆಲೆ ನನಗೆ ಪೂರ್ತಿ ತಿಳಿದದ್ದು ಶಾಲೆ ಬಿಟ್ಟು ಬಹಳ ಕಾಲದ ಮೇಲೆ.

ಅಭ್ಯಾಸದಲ್ಲಿ ಅವರು ಬೇಕೆಂದೇ ತಪ್ಪು ಸೀಟಿ ಊದುತ್ತಿದ್ದರು. ಫೌಲೇ ಆಗಿರುವುದಿಲ್ಲ, ಫೌಲ್ ಎನ್ನುವರು. ಓಟಗಾರ್ತಿಗೆ ಕೈ ತಗುಲಿದ್ದು ಎಲ್ಲರಿಗೂ ಕಂಡಿರುತ್ತದೆ, ಔಟ್ ಕೊಡುತ್ತಿರಲಿಲ್ಲ. ಅದೂ ನಾವು ಸುಸ್ತಾಗಿ ಏದುಸಿರು ಬಿಡುತ್ತಿರುವಾಗ, ಸುತ್ತ ನಿಂತ ಹುಡುಗರಿಗೆ ಕಿರುಚಲು ಹೇಳಿ. ಮೊದಮೊದಲು ನಾವು ಜಗಳಕ್ಕೇ ಹೋದೆವು. ಅವರು ಕೈಗಡಿಯಾರ ತೋರಿಸಿ, ನೀವು ವಾದಿಸಿದ ಹೊತ್ತಿನಲ್ಲಿ ಎಷ್ಟು ಖೋ ಕೊಡಬಹುದಿತ್ತು ಎಂದು ಕೇಳಿದರು. ಬರುಬರುತ್ತಾ ಸೀಟಿ ಕೇಳಿದೊಡನೆ ಹತ್ತಿರ ಕೂತವಳು “ಬಿಡು, ಮುಂದಿಂದು ನೋಡು” ಎನ್ನುವುದು ರೂಢಿಯಾಯಿತು. ಅದನ್ನು ಹೇಳುವ ಕೆಲಸ ನಾಯಕಿಗೆ ಮಾತ್ರ ಸೇರಿದ್ದಲ್ಲ. ಯಾರು ಹತ್ತಿರವೋ ಅವರೇ ಹೇಳಬೇಕು. ಮುಂದೆ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಒಂದು ತೀರ್ಪು ನಿಜಕ್ಕೂ ನಮ್ಮ ವಿರುದ್ಧ ಹೋದಾಗ ನಮ್ಮಲ್ಲೊಬ್ಬಳೂ ಅಂಪೈರ್ ಕಡೆ ತಿರುಗಲಿಲ್ಲ. ಆ ಪಂದ್ಯ ನಾವು ಗೆಲ್ಲಲಿಲ್ಲ. ಆದರೂ ಶಾಲೆಯ ದಿನಗಳಲ್ಲಿ ನಾವು ಆಡಿದ ಅತ್ಯುತ್ತಮ ಆಟ ಅದೇ ಎಂದು ನಾನು ಇಂದಿಗೂ ನಂಬಿದ್ದೇನೆ.

ಹೊಡೆದು ಬೈದು ಮಕ್ಕಳನ್ನು ಗಟ್ಟಿ ಮಾಡುತ್ತೇವೆ ಎನ್ನುವ ತರಬೇತುದಾರರನ್ನೂ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ನೋಡಿದ್ದೇನೆ. ಅವರ ಹುಡುಗಿಯರು ಡೈವ್ ಹೊಡೆದು ಎದ್ದ ತಕ್ಷಣ ಓಟಗಾರ್ತಿಯನ್ನು ನೋಡುತ್ತಿರಲಿಲ್ಲ, ಗೆರೆಯಾಚೆ ನಿಂತ ಸರ್ ಮುಖ ನೋಡುತ್ತಿದ್ದರು. ಆ ಒಂದು ನೋಟದಲ್ಲೇ ಓಟಗಾರ್ತಿ ತಪ್ಪಿಸಿಕೊಳ್ಳುತ್ತಿದ್ದಳು. ಹೆದರಿಸಿ ಬೆಳೆಸಿದ ಮಗು ಗಟ್ಟಿಯಾಗುವುದಿಲ್ಲ, ಹೆದರಿಕೆಯನ್ನು ಮುಚ್ಚಿಡುವುದನ್ನು ಕಲಿಯುತ್ತದೆ ಅಷ್ಟೆ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಆಗ ತಂಡಕ್ಕೆ 12 ಮಂದಿ, ಅಂಕಣಕ್ಕಿಳಿಯುವವರು 9. ಹೊರಗುಳಿದ ಮೂವರ ಮನಸ್ಸು ಎಷ್ಟು ಬೇಗ ಕುಗ್ಗುತ್ತದೆ ಎಂಬುದು ಆಡಿದವರಿಗೆಲ್ಲ ಗೊತ್ತು. ಮೇಷ್ಟ್ರು ಆ ಮೂವರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದರು. ಎದುರು ತಂಡದವರು ಯಾವ ಕ್ರಮದಲ್ಲಿ ಒಳಗೆ ಬರುತ್ತಾರೆ, ಯಾರು ಕಂಬದ ಹತ್ತಿರ ಎಡಕ್ಕೆ ನುಣುಚಿಕೊಳ್ಳುತ್ತಾರೆ, ಯಾರಿಗೆ ಬೇಗ ದಣಿವಾಗುತ್ತದೆ, ಎಲ್ಲವನ್ನೂ ಅವರು ಬರೆಯಬೇಕು. ವಿರಾಮದಲ್ಲಿ ಮೊದಲು ಮಾತಾಡುವವರೂ ಅವರೇ. ಮೇಷ್ಟ್ರ ಸರದಿ ಆಮೇಲೆ. ತಂಡದ ಅತ್ಯಂತ ಚುರುಕು ಕಣ್ಣು ಆ ಮೂವರಲ್ಲೊಬ್ಬಳದಾಗಿತ್ತು. ಅವಳು ಅಂಕಣಕ್ಕೆ ಇಳಿದದ್ದು ಅಪರೂಪ, ಆದರೆ ಅವಳ ಮಾತು ಕೇಳದೆ ನಾವು ಎರಡನೇ ಸರದಿ ಶುರು ಮಾಡಿದ್ದೇ ಇಲ್ಲ. ಒಂದು ವರ್ಷ ಶಾಲೆಗೆ ಒಂಬತ್ತೇ ಜೆರ್ಸಿ ಬಂದಾಗ, ಉಳಿದ ಮೂರು ಬರುವವರೆಗೆ ಒಂದನ್ನೂ ಹಂಚಲಿಲ್ಲ ಅವರು. ಎಲ್ಲರೂ ಯೂನಿಫಾರಂನಲ್ಲೇ ಹೋಬಳಿ ಮಟ್ಟದ ಪಂದ್ಯ ಆಡಿದೆವು.

ಇನ್ನೊಂದು ಪದ್ಧತಿಯಿತ್ತು. ಬೆಳಿಗ್ಗೆ ಅಂಕಣದ ಕಲ್ಲು ಆರಿಸಿ, ಗುಡಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಕೆಲಸ ಹತ್ತನೇ ಕ್ಲಾಸಿನವರದು. ಕಿರಿಯರಿಗೆ ಅದನ್ನು ದಾಟಿಸುವಂತಿರಲಿಲ್ಲ. ಬರಿಗಾಲಲ್ಲಿ ಆಡುವವರಿಗೆ ಒಂದು ಚೂಪು ಕಲ್ಲೂ ದೊಡ್ಡದೇ. ಅಕ್ಕಂದಿರು ಬಗ್ಗಿ ಕಲ್ಲು ಆರಿಸುವುದನ್ನು ನೋಡಿಕೊಂಡೇ ಬೆಳೆದ ನಾವು ಹತ್ತಕ್ಕೆ ಬಂದಾಗ ಯಾರೂ ಹೇಳದೆ ಪೊರಕೆ ಹಿಡಿದೆವು.

ಮನೆಯವರನ್ನು ಒಪ್ಪಿಸುವ ಕಷ್ಟವೂ ಅವರದೇ ಆಗಿತ್ತು. ಹುಡುಗಿ ಮೈದಾನದಲ್ಲಿ ಬಿದ್ದು ಎದ್ದು ಆಡುವುದು ನಮ್ಮೂರಲ್ಲಿ ಅನೇಕರಿಗೆ ಸರಿ ಕಾಣುತ್ತಿರಲಿಲ್ಲ. ವಿಜ್ಞಾನದ ಮೇಡಂ ಒಬ್ಬರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಬಂದರು. ಕತ್ತಲಾಗುವ ಮುಂಚೆ ಮನೆ ಸೇರಿಸುತ್ತೇನೆ ಎಂದು ನಮ್ಮವ್ವನಿಗೆ ಮಾತು ಕೊಟ್ಟರು. ಆಟ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಆ ಹೊತ್ತಿಗೆ ನಿಲ್ಲಿಸುತ್ತಿದ್ದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಎರಡೂ ಫೈನಲ್‌ಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ಮಹಿಳೆಯರು 78–40ರಿಂದ, ಪುರುಷರು 54–36ರಿಂದ. ನಮ್ಮ ರಾಜ್ಯದ ಇಬ್ಬರು ಆ ತಂಡಗಳಲ್ಲಿದ್ದರು: ಎಂ.ಕೆ. ಗೌತಮ್ ಮತ್ತು ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ಹಳ್ಳಿ ಮೈದಾನದ ಹುಡುಗಿಯೊಬ್ಬಳು ವಿಶ್ವಕಪ್ ಎತ್ತುವ ತಂಡದಲ್ಲಿ ನಿಂತಿದ್ದನ್ನು ಕಂಡು ಮನಸ್ಸು ತುಂಬಿ ಬಂತು. ಮಣ್ಣಿನ ಜಾಗದಲ್ಲಿ ಮ್ಯಾಟ್, ಬರಿಗಾಲಿನ ಜಾಗದಲ್ಲಿ ಶೂ. ಕ್ಯಾಮೆರಾ ಓಡುವವರನ್ನೇ ಹಿಂಬಾಲಿಸುತ್ತಿತ್ತು. ನಾನು ಕೂತವರ ಕಾಲ್ಬೆರಳು ನೋಡುತ್ತಿದ್ದೆ.

ಮಾರನೆಯ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ವರ್ಷಗಳಾದರೂ ದನಿ ಹಾಗೇ ಇದೆ. “ನೋಡ್ದೆ ಕಣವ್ವಾ, ಒಬ್ಬಳೂ ಮುಂಚೆ ಏಳ್ಲಿಲ್ಲ” ಎಂದರು. ಆಮೇಲೆ ನಮ್ಮ ತಂಡದ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿದರು, ನೋಟ್‌ಬುಕ್ಕಿನ ಮೂವರನ್ನೂ ಸೇರಿಸಿ.

ನಮ್ಮ ತಂಡದವರೆಲ್ಲ ಮಾತಾಡಿಕೊಂಡು, ಈ ವರ್ಷದ ಹುಡುಗಿಯರ ಖೋ-ಖೋ ತಂಡಕ್ಕೆ ಜೆರ್ಸಿ, ಶೂ ಕೊಡಿಸಲು ಒಪ್ಪಿದ್ದೇವೆ. ಕ್ರೀಡಾಕೂಟ ಶುರುವಾಗುವ ಮೊದಲು ಮುಖ್ಯೋಪಾಧ್ಯಾಯರು ಅಳತೆಗಳನ್ನು ಕಳಿಸಿಕೊಡಬೇಕೆಂದು ಈ ಸಂಚಿಕೆಯ ಮೂಲಕವೇ ಕೇಳಿಕೊಳ್ಳುತ್ತೇನೆ. ಹೊರಗೆ ಕೂರುವ ಮಕ್ಕಳ ಅಳತೆಯೂ ಅದರಲ್ಲಿರಲಿ.