ಯೂಟ್ರೆಕ್ಟಿನ ಇಟ್ಟಿಗೆ ಬೀದಿ, ಮಂಡ್ಯದ ತೊಟ್ಟಿಮನೆ

ನೆದರ್ಲೆಂಡ್ಸಿನ ಯೂಟ್ರೆಕ್ಟಿನಲ್ಲಿ ನಾವಿರುವ ಬೀದಿಗೆ ಟಾರಿಲ್ಲ, ಕಾಂಕ್ರೀಟೂ ಇಲ್ಲ. ಮರಳಿನ ಹಾಸಿನ ಮೇಲೆ ಒತ್ತೊತ್ತಾಗಿ ಕೂರಿಸಿದ ಗಟ್ಟಿ ಇಟ್ಟಿಗೆ, ಅಷ್ಟೇ. ನೆಲದಡಿಯ ಪೈಪು ಕೆಟ್ಟರೆ ಕೆಲಸದವರು ಬಂದು ಇಟ್ಟಿಗೆ ಎಬ್ಬಿಸಿ ಪಕ್ಕಕ್ಕೆ ಪೇರಿಸುತ್ತಾರೆ, ರಿಪೇರಿ ಮುಗಿಸಿ ಅವನ್ನೇ ಮತ್ತೆ ಜೋಡಿಸಿ ಹೋಗುತ್ತಾರೆ. ನಮ್ಮ ಕಡೆ ಒಳಚರಂಡಿಗೆಂದು ಅಗೆದ ರಸ್ತೆಯ ಗತಿ ನಿಮಗೇ ಗೊತ್ತು.

ಈ ಬುದ್ಧಿಯನ್ನೇ ಇಲ್ಲಿನವರು ಈಗ ಕಟ್ಟಡಕ್ಕೂ ತರುತ್ತಿದ್ದಾರೆ. 2030ರ ಹೊತ್ತಿಗೆ ಹೊಸ ಕಚ್ಚಾವಸ್ತುಗಳ ಬಳಕೆ ಅರ್ಧಕ್ಕಿಳಿಯಬೇಕು, 2050ಕ್ಕೆ ಇಡೀ ದೇಶ ಸರ್ಕ್ಯುಲರ್ (ಬಳಸಿದ್ದನ್ನೇ ಮತ್ತೆ ಮತ್ತೆ ಬಳಸುವಂಥದ್ದು) ಆಗಬೇಕು ಎಂದು ನೆದರ್ಲೆಂಡ್ಸ್ ಸರ್ಕಾರ 2016ರಲ್ಲಿ ಗುರಿ ಹಾಕಿಕೊಂಡಿತು. ಗುರಿ ಹಾಕಿಕೊಳ್ಳುವುದಕ್ಕೇನು, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನನಗೆ ನಂಬಿಕೆ ಬಂದದ್ದು ಡ್ರೀಬರ್ಗನ್-ಝೈಸ್ಟ್ ರೈಲು ನಿಲ್ದಾಣದ ಬಳಿಯಿರುವ ಟ್ರಿಯೋಡೋಸ್ ಬ್ಯಾಂಕಿನ ಕಚೇರಿ ನೋಡಿದ ಮೇಲೆ. 2019ರಲ್ಲಿ ತೆರೆದ ಈ ಕಟ್ಟಡ ನೆಲಮಾಳಿಗೆ ಬಿಟ್ಟರೆ ಹೆಚ್ಚುಕಮ್ಮಿ ಪೂರ್ತಿ ಮರದ್ದು. ಲಿಫ್ಟಿನ ಗೂಡು ಕೂಡ ಮರವೇ. ಅದನ್ನು ಹಿಡಿದು ನಿಲ್ಲಿಸಿರುವುದು 1,65,312 ಸ್ಕ್ರೂಗಳು. ಬೇಡವಾದ ದಿನ ಸ್ಕ್ರೂ ಬಿಚ್ಚಿ, ಮರವನ್ನು ಇನ್ನೊಂದು ಕಡೆಗೆ ಒಯ್ಯಬಹುದು. ವಿನ್ಯಾಸ ಥಾಮಸ್ ರಾವ್ ಅವರದು (ನಮ್ಮ ರಾವ್ ಅಲ್ಲ, ಜರ್ಮನಿಯಲ್ಲಿ ಹುಟ್ಟಿದವರು). ಯಾವ ತುಂಡು ಎಲ್ಲಿದೆ, ಯಾವುದರಿಂದ ಮಾಡಿದ್ದು ಎಂಬ ಲೆಕ್ಕ 'ಮಡಾಸ್ಟರ್' ಎಂಬ ದಾಖಲೆಯಲ್ಲಿದೆ. ಜಮೀನಿಗೆ ಪಹಣಿ ಇದ್ದ ಹಾಗೆ ತೊಲೆಗೂ ಒಂದು ಪಹಣಿ.

ಬಿಚ್ಚಬಹುದು ಅನ್ನುವುದು ಬರೀ ಮಾತಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 2016ರಲ್ಲಿ ತಾತ್ಕಾಲಿಕ ನ್ಯಾಯಾಲಯವೊಂದನ್ನು ಕಟ್ಟಿದ್ದರು. ಅದರ ಕೆಲಸ ಮುಗಿದ ಮೇಲೆ ಉಕ್ಕಿನ ಚೌಕಟ್ಟು, ಕಾಂಕ್ರೀಟ್ ಚಪ್ಪಡಿ ಎಲ್ಲ ಕಳಚಿ ಎನ್‌ಸ್ಕೆಡೆ ಊರಿಗೆ ಸಾಗಿಸಿ, ಅಲ್ಲಿ ಕಚೇರಿಯಾಗಿ ಎಬ್ಬಿಸಿದರು. ಸಾಮಾನ್ಯವಾಗಿ ಇಂಥ ಚಪ್ಪಡಿಗಳ ಸಂದಿಗೆ ಕಾಂಕ್ರೀಟು ಹೊಯ್ದು ಶಾಶ್ವತವಾಗಿ ಬೆಸೆದುಬಿಡುತ್ತಾರೆ. ಇಲ್ಲಿ ಮೊದಲ ದಿನವೇ ಬಿಚ್ಚುವ ಜೋಡಣೆ ಯೋಚಿಸಿದ್ದರಿಂದ ಸಾಧ್ಯವಾಯಿತು.

ಇದನ್ನೆಲ್ಲ ಬರೆಯಲು ಕಾರಣ, ಮಂಡ್ಯದಲ್ಲಿ ಚಿಕ್ಕಪ್ಪ ಹಳೇ ತೊಟ್ಟಿಮನೆ ಕೆಡವಿಸಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟಿದ್ದಾರೆ. ಕೆಡವುವ ಕಂಟ್ರಾಕ್ಟರು ಇವರಿಂದ ದುಡ್ಡು ಕೇಳಲಿಲ್ಲ, ತಾನೇ ಎದುರು ಕೊಡುತ್ತೇನೆ ಅಂದನಂತೆ. ಇದನ್ನು ನನ್ನ ಡಚ್ ಸಹೋದ್ಯೋಗಿಗಳಿಗೆ ಹೇಳಿದರೆ ನಂಬಲಿಲ್ಲ. ಇಲ್ಲಿ ಕೂಲಿ ದುಬಾರಿ, ಕೆಡವಿಸುವವರೇ ಕೈಯಿಂದ ಕೊಡಬೇಕು. ನಮ್ಮಲ್ಲಿ ಕಂಬ, ತೊಲೆ, ಜಂತೆ, ಹೆಬ್ಬಾಗಿಲು, ಮಂಗಳೂರು ಹಂಚು, ಚಪ್ಪಡಿ ಕಲ್ಲು ಎಲ್ಲಕ್ಕೂ ಗಿರಾಕಿ ಇದ್ದಾರೆ. ಯಾವ ಸರ್ಕಾರಿ ಗುರಿಯೂ ಇಲ್ಲದೆ ನಡೆದು ಬಂದ ಸಂತೆ ಅದು.

ಆದರೆ ಈಗ ಕಟ್ಟುವ ಮನೆಯನ್ನು ಮುಂದೊಂದು ದಿನ ಕೆಡವುವಾಗ ಈ ಸಂತೆ ಇರುವುದಿಲ್ಲ. ಹಳೇ ಗೋಡೆ ಸುಣ್ಣದ ಗಾರೆಯದು. ಗಾರೆ ಇಟ್ಟಿಗೆಗಿಂತ ಮೆದು, ಸುತ್ತಿಗೆಯಲ್ಲಿ ತಟ್ಟಿದರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಬಿಗಿಯಾದ ಸಿಮೆಂಟು ಗಾರೆ ಹಾಗಲ್ಲ, ಅದು ಬಿಡುವ ಮೊದಲೇ ಇಟ್ಟಿಗೆ ಒಡೆಯುತ್ತದೆ. ಆಮೇಲೆ ಉಳಿಯುವುದು ಕಂಬಿ, ಮತ್ತೆ ಮೈಸೂರಿನ ರಿಂಗ್ ರಸ್ತೆ ಪಕ್ಕ ರಾತ್ರೋರಾತ್ರಿ ಸುರಿಯುವಂಥ ಡೆಬ್ರಿ. ಅದನ್ನು ಅರೆದು ಜಲ್ಲಿ ಮಾಡಬಹುದು ನಿಜ. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383ರ 2016ರ ಪರಿಷ್ಕರಣೆ ಎಂ25 ಎಂಬ ಬಲದ ದರ್ಜೆಯವರೆಗಿನ ಆರ್‌ಸಿಸಿಗೆ ಹಳೇ ಕಾಂಕ್ರೀಟಿನ ಜಲ್ಲಿಯನ್ನು ಶೇ. 20ರಷ್ಟು ಬೆರೆಸಲು ಒಪ್ಪುತ್ತದೆ. ಆದರೂ ಬಾಗಿಲು ಬಾಗಿಲಾಗಿಯೇ ಉಳಿಯುವುದಕ್ಕೂ ಗೋಡೆ ಜಲ್ಲಿಯಾಗುವುದಕ್ಕೂ ಅಜಗಜಾಂತರ.

ಸುಣ್ಣದ ಗಾರೆಯಲ್ಲೇ ಕಟ್ಟಿಸಿ ಅಂದರೆ, "ಅಲ್ಲ ಕಣವ್ವ, ಸಿಮೆಂಟಿಲ್ದೆ ಮನೆ ನಿಂತದಾ?" ಅಂದರು ಚಿಕ್ಕಪ್ಪ. ಕನ್ನಂಬಾಡಿ ಕಟ್ಟೆ ನಿಂತಿರೋದು ಸುರ್ಕಿ ಗಾರೆ ಮೇಲೆ, ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿ, ಅಂದೆ. "ಆ ಗಾರೆ ಅರೆಯೋರ್ನ ಎಲ್ಲಿಂದ ತರ್ಲಿ?" ಎಂಬ ಅವರ ಮರುಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಸಿಮೆಂಟಿಗೆ ಒಪ್ಪಿಕೊಂಡು ಚೌಕಾಸಿಗಿಳಿದೆ. ಕಂಬ, ಹೆಬ್ಬಾಗಿಲು ಮಾರಬೇಡಿ, ಹೊಸ ಮನೆಗೇ ಹಾಕಿಸಿ. ಕಿಟಕಿ ಚೌಕಟ್ಟನ್ನು ಗಾರೆಯಲ್ಲಿ ಹೂಳದೆ ಸ್ಕ್ರೂ ಹಾಕಿ ಕೂರಿಸಿ. ಪ್ಲಾಸ್ಟರಿಂಗ್‌ಗೆ ಮುಂಚೆ ಪೈಪು, ವೈರು ಹೋದ ಜಾಗಕ್ಕೆ ಅಳತೆ ಟೇಪು ಹಿಡಿದು ಫೋಟೊ ತೆಗೆಸಿ. ಬಡವರ ಮಡಾಸ್ಟರ್ ಅದು. ಕೊಟ್ಟಿಗೆ ಮೇಲಿನ ಕಲ್ನಾರು (ಆಸ್ಬೆಸ್ಟಾಸ್) ಶೀಟನ್ನು ಮಾತ್ರ ಒಡೆಯಬೇಡಿ, ಇನ್ನೊಬ್ಬರ ಕೊಟ್ಟಿಗೆಗೂ ದಾಟಿಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇಲ್ಲಿ 1994ಕ್ಕಿಂತ ಹಿಂದಿನ ಕಟ್ಟಡ ಕೆಡವುವ ಮುಂಚೆ ಕಲ್ನಾರಿನ ತಪಾಸಣೆ ಆಗಲೇಬೇಕು.

ನಮ್ಮ ದೇಶದಲ್ಲೂ ಕಟ್ಟಡ ತ್ಯಾಜ್ಯಕ್ಕೆ ಹೊಸ ನಿಯಮ ಏಪ್ರಿಲ್ 2026ರಿಂದ ಅಂತಿದೆ. ಅದರಲ್ಲಿ ನಿರ್ಮಾಪಕರ ಮೇಲಿನ ದೊಡ್ಡ ಹೊಣೆ 20,000 ಚದರ ಮೀಟರಿನಿಂದ ಮೇಲ್ಪಟ್ಟ ಯೋಜನೆಗಳಿಗೆ. ಚಿಕ್ಕಪ್ಪನ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ, ಏನಾದರೂ ಆಗಬೇಕಾದರೆ ಅವರ ಮನಸ್ಸಿನಿಂದಲೇ ಆಗಬೇಕು. ಸದ್ಯಕ್ಕೆ ಕಂಬ, ಹೆಬ್ಬಾಗಿಲಿಗೆ ಹೂಂ ಅಂದಿದ್ದಾರೆ. ಕಿಟಕಿ ವಿಚಾರ ಮೇಸ್ತ್ರಿಯನ್ನು ಕೇಳಿ ಹೇಳುತ್ತಾರಂತೆ.